ಕಥೆ ಓದಿಸಿ, ಮಕ್ಕಳನ್ನು ಹುಡುಕಬೇಡಿ

ಗೋಕಾಕದ ಕನ್ನಡ ಉಪನ್ಯಾಸಕಿಯೊಬ್ಬರು ಪತ್ರ ಬರೆದಿದ್ದಾರೆ. ನಮ್ಮ ಪತ್ರಿಕೆಯಲ್ಲಿ ಬಂದ ಒಂದು ಕಥೆಯನ್ನು ಅವರು ಪಿಯು ಮಕ್ಕಳಿಗೆ ಓದಿಸಿದರು. ಊರೆಲ್ಲ ಹುಡುಗ ಎನ್ನುವ ಮಗು, ತಾನು ಹುಡುಗಿ ಎಂದು ಅಕ್ಕನ ಹತ್ತಿರ ಹೇಳಿಕೊಳ್ಳುವ ಕಥೆ. ಹಿಂದಿನ ಬೆಂಚಿನವರು ನಕ್ಕರು. ಮರುದಿನ ಒಬ್ಬ ತಂದೆ ಬಂದು, ‘ಇದನ್ನ ಓದಿ ನನ್ನ ಮಗಾನೂ ಹಂಗ ಆದ್ರ ಯಾರು ಹೊಣಿ?’ ಎಂದರು. ಈ ಕಥೆ ಓದಿಸುವುದನ್ನು ಬಿಟ್ಟುಬಿಡಲೇ ಎಂದು ಉಪನ್ಯಾಸಕಿ ಕೇಳಿದ್ದಾರೆ.

ಬಿಡಬೇಡಿ ಮೇಡಂ. ಆದರೆ ಓದಿಸುವ ರೀತಿ ಬದಲಿಸಿ. ಮೆತ್ತಗೆ ಮಾತಾಡುವ ಹುಡುಗನಿಂದಲೇ ಆ ಪಾತ್ರದ ಮಾತು ಓದಿಸಿದೆ ಎಂದು ಬರೆದಿದ್ದೀರಿ. ಅದು ಬೇಡವಿತ್ತು. ನಗು ಬಂದದ್ದು ಕಥೆಗಲ್ಲ, ಅವನಿಗೆ. ‘ನಿಮಗೂ ಹೀಗೆ ಅನಿಸಿದೆಯಾ?’ ಎಂದೂ ಕೇಳಬೇಡಿ. ಪ್ರಶ್ನೆಯೆಲ್ಲ ಪಾತ್ರದ ಬಗ್ಗೆ ಇರಲಿ. ಅಕ್ಕನಿಗೇ ಯಾಕೆ ಮೊದಲು ಹೇಳಿತು? ಅವ್ವನಿಗೆ ಯಾಕೆ ಹೇಳಲಿಲ್ಲ? ತನ್ನ ಬಗ್ಗೆ ಯೋಚಿಸುವ ಮಗು ಇದ್ದರೆ ಸುಮ್ನೆ ಕೂತು ಕೇಳಿಸಿಕೊಳ್ಳುತ್ತದೆ.

ನಿಮ್ಮ ಮಕ್ಕಳಿಗೆ ಇದೇನೂ ಹೊಸದಲ್ಲ, ಅಲ್ವಾ? ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಜೋಗಪ್ಪಗಳನ್ನು, ಅಂದರೆ ಗಂಡಾಗಿ ಹುಟ್ಟಿ ಎಲ್ಲಮ್ಮನ ಹೆಸರಲ್ಲಿ ಸೀರೆಯುಟ್ಟು ಬಾಳುವವರನ್ನು, ನೋಡಿರುತ್ತಾರೆ. ಅದೇ ಪರಂಪರೆಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದೂ ಕೆಲವರಿಗೆ ಗೊತ್ತಿರಬಹುದು. ಕಂಪನಿ ನಾಟಕದಲ್ಲಿ ಗಂಡಸರು ಸ್ತ್ರೀಪಾತ್ರ ಮಾಡುತ್ತಿದ್ದದ್ದನ್ನು ಅಜ್ಜಂದಿರು ಹೇಳಿರುತ್ತಾರೆ. ಆದರೆ ನಟ ಬಣ್ಣ ತೊಳೆದು ಮನೆಗೆ ಹೋಗುತ್ತಾನೆ, ಈ ಮಗುವಿಗೆ ತೊಳೆಯುವ ಬಣ್ಣವೇ ಇಲ್ಲ. ಇನ್ನು ಜೋಗಪ್ಪ ಅಂದರೆ ಊರು ಕೈಮುಗಿಯುತ್ತದೆ, ದೇವಿ ಒಲಿದಿದ್ದಾಳೆ ಅನ್ನುತ್ತದೆ. ಅದೇ ಮಗು ದೇವಿಯ ಮಾತೆತ್ತದೆ, ನಾನು ಸೈನ್ಸ್ ಓದುತ್ತೇನೆ, ನನ್ನನ್ನು ಹುಡುಗಿಯ ಹೆಸರಲ್ಲಿ ಕರೆಯಿರಿ ಅಂದರೆ? ಒಂದು ಪೀರಿಯಡ್ ಪೂರ್ತಿ ಇದನ್ನೇ ಚರ್ಚಿಸಿ.

ಆ ತಂದೆಗೆ ಸಿಟ್ಟಾಗದೆ ಉತ್ತರಿಸಿ. ಕಥೆ ಓದಿ ಯಾರೂ ಹಾಗೆ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ, ಹುಟ್ಟಿನಲ್ಲಿ ಗುರುತಿಸಿದ ಲಿಂಗಕ್ಕಿಂತ ತಾನು ಬೇರೆ ಅನಿಸುವುದು ಮಾನಸಿಕ ಕಾಯಿಲೆಗಳ ಸಾಲಿನಲ್ಲಿಲ್ಲ. ಗಂಡು, ಹೆಣ್ಣು, ಇಲ್ಲವೇ ತೃತೀಯ ಲಿಂಗಿ ಎಂದು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ. ಪ್ರಾಂಶುಪಾಲರಿಗೂ ಮೊದಲೇ ತಿಳಿಸಿಡಿ, ಒಂಟಿಯಾಗಿ ಸಿಕ್ಕಿಹಾಕಿಕೊಳ್ಳಬೇಡಿ.

ಕೊನೆಗೆ ಅಪ್ಪ ಒಪ್ಪಿದನಾ ಎಂದು ಮಕ್ಕಳು ಕೇಳಿದರಂತೆ. ಕಥೆ ಅದನ್ನು ಹೇಳಿಲ್ಲ, ನೀವೂ ಹೇಳಬೇಡಿ. ಅಪ್ಪ ಒಪ್ಪಲಿ ಬಿಡಲಿ, ಆ ಮಗು ತನ್ನನ್ನು ತಾನು ಒಪ್ಪಿಕೊಂಡಾಗಿದೆ. ನನಗೆ ಕಥೆ ಹಿಡಿಸಿದ್ದು ಅದಕ್ಕೇ. ಬೇಕಾದರೆ ಅಕ್ಕ ಅಪ್ಪನಿಗೆ ಬರೆಯುವ ಪತ್ರವನ್ನು ಮಕ್ಕಳಿಂದ ಬರೆಸಿ. ತರಗತಿಯಲ್ಲಿ ಓದಿಸುವುದು ಬೇಡ. ಮಕ್ಕಳು ಒಪ್ಪಿದರೆ ಹೆಸರು ತೆಗೆದು ನಮಗೆ ಕಳಿಸಿ, ಒಂದೆರಡನ್ನು ಅಚ್ಚು ಹಾಕುತ್ತೇವೆ.

— ಸಂ.