ಸ್ಪ್ರಿಂಕ್ಲರಿಗೂ ಡಕ್ಟಿಗೂ ನಡುವೆ ಒಂದೂವರೆ ಅಡಿ ಬಿಟ್ಟರೆ ಸಾಕಾ?

ನೀವು ಕೇಳಿದ್ದು ಇಷ್ಟು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಮೊದಲೇ ಇತ್ತು. ಆಮೇಲೆ ವೆಂಟಿಲೇಶನ್‌ನವರು ಬಂದು ಅದರ ಕೆಳಗೆ 1.5 ಮೀಟರ್ ಅಗಲದ ಡಕ್ಟ್, ಅಂದರೆ ಗಾಳಿ ಸಾಗಿಸುವ ದೊಡ್ಡ ಕೊಳವೆ, ಎಳೆದರು. "ನಡುವೆ ಒಂದೂವರೆ ಅಡಿ ಗ್ಯಾಪ್ ಬಿಟ್ಟಿದ್ದೇವೆ, ಕೋಡ್ ಪ್ರಕಾರ ಸರಿ ಇದೆ" ಅಂತ ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ?

ಬೇಡ, ಒಪ್ಪಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಸ್ಪ್ರಿಂಕ್ಲರ್ ಲೈನ್ ಕೆಲಸ ನೋಡಿಕೊಳ್ಳುತ್ತಿದ್ದೇನೆ, ಈ ಮಾತನ್ನು ಎಷ್ಟು ಸೈಟಿನಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಒಂದೂವರೆ ಅಡಿ ಅನ್ನೋ ನಿಯಮ ಇರೋದು ನಿಜ. ಆದರೆ ಅದು ಇರೋದು ಬೇರೆ ಕೆಲಸಕ್ಕೆ.

ಬೆಂಕಿಯ ಬಿಸಿಗೆ ಸ್ಪ್ರಿಂಕ್ಲರಿನ ಗಾಜಿನ ಬಲ್ಬು ಒಡೆದಾಗ ನೀರು ನಲ್ಲಿ ಬಿಟ್ಟ ಹಾಗೆ ನೇರವಾಗಿ ಬೀಳುವುದಿಲ್ಲ. ಡಿಫ್ಲೆಕ್ಟರ್ ಅಂತ ಸುತ್ತ ಹಲ್ಲು ಇರುವ ಒಂದು ಪುಟ್ಟ ಬಿಲ್ಲೆ ಇರುತ್ತದೆ, ಅದಕ್ಕೆ ಬಡಿದು ಕೊಡೆ ಬಿಚ್ಚಿದ ಹಾಗೆ ಸುತ್ತ ಹರಡುತ್ತದೆ. ಆ ಕೊಡೆ ಪೂರ್ತಿ ಬಿಚ್ಚಿಕೊಳ್ಳಲು ಡಿಫ್ಲೆಕ್ಟರಿನ ಕೆಳಗೆ ಸುಮಾರು ಒಂದು ಮೊಳ ಜಾಗ ಬೇಕು. ಗೋಡೌನಿನಲ್ಲಿ ರಟ್ಟಿನ ಡಬ್ಬ ಪೇರಿಸುವವರು ಸ್ಪ್ರಿಂಕ್ಲರಿಗೆ ತಾಗುವಷ್ಟು ಎತ್ತರ ಪೇರಿಸಬಾರದು ಅಂತ ಮಾಡಿದ 18 ಇಂಚಿನ ನಿಯಮ ಅದು. ಕೊಡೆ ಬಿಚ್ಚಿಕೊಂಡಿತು ಅಂತಲೇ ಇಟ್ಟುಕೊಳ್ಳಿ, ಆ ನೀರು ಬೀಳುವುದು ಎಲ್ಲಿಗೆ? ನಿಮ್ಮ ಡಕ್ಟಿನ ಬೆನ್ನ ಮೇಲೆ. ಅದರ ಕೆಳಗೆ ನಿಂತ ಕಾರು ಒಣಗಿಕೊಂಡೇ ಇರುತ್ತದೆ. ಗ್ಯಾಪ್ ಒಂದೂವರೆ ಅಡಿಯ ಬದಲು ಮೂರು ಅಡಿ ಮಾಡಿದರೂ ಕತೆ ಅದೇ.

ಅದಕ್ಕೇ ಅಗಲದ ನಿಯಮ ಅಂತ ಇನ್ನೊಂದಿದೆ. ನಮ್ಮಲ್ಲಿ ಸ್ಪ್ರಿಂಕ್ಲರಿಗೆ ಅಂತಲೇ ಭಾರತೀಯ ಮಾನದಂಡ ಐಎಸ್ 15105 ಇದೆ, 2016ರ ನ್ಯಾಷನಲ್ ಬಿಲ್ಡಿಂಗ್ ಕೋಡಿನ ಬೆಂಕಿ ಸುರಕ್ಷತೆಯ 4ನೇ ಭಾಗ ಇದೆ. ಇಂಥ ಅಡ್ಡಿಗಳ ವಿಷಯ ಬಂದಾಗ ನಾನು ಕೆಲಸ ಮಾಡಿದ ಕನ್ಸಲ್ಟೆಂಟ್‌ಗಳೆಲ್ಲ ಅಮೆರಿಕದ ಎನ್‌ಎಫ್‌ಪಿಎ 13 ಅನ್ನೋ ಸ್ಪ್ರಿಂಕ್ಲರ್ ಮಾನದಂಡ ತೆಗೆಯುತ್ತಾರೆ. ಡಕ್ಟ್ ಥರದ ಕದಲದ ಅಡ್ಡಿ 4 ಅಡಿಗಿಂತ, ಅಂದರೆ 1.2 ಮೀಟರಿಗಿಂತ ಜಾಸ್ತಿ ಅಗಲ ಇದ್ದರೆ ಅದರ ಅಡಿಗೆ ಬೇರೆ ಸ್ಪ್ರಿಂಕ್ಲರ್ ಹಾಕಲೇಬೇಕು ಅಂತ ಅದರಲ್ಲಿದೆ. ನಿಮ್ಮದು 1.5. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಹಾಗಂತ ಸಣ್ಣ ಡಕ್ಟ್ ಆದರೆ ಹೇಗೆ ಬೇಕಾದರೂ ಎಳೆಯಬಹುದು ಅಂತಲ್ಲ. ಸ್ಪ್ರಿಂಕ್ಲರಿನ ಪಕ್ಕದಲ್ಲೇ ಡಕ್ಟ್ ಹಾದುಹೋದರೆ ಕೊಡೆಯ ಒಂದು ಬದಿ ಕತ್ತರಿಸಿದ ಹಾಗಾಗುತ್ತದೆ. 30 ಸೆಂ.ಮೀ. ಒಳಗಿದ್ದರೆ ಡಿಫ್ಲೆಕ್ಟರ್ ಡಕ್ಟಿನ ತಳಕ್ಕಿಂತ ಮೇಲಿರಲೇಬಾರದು. 60 ಸೆಂ.ಮೀ. ದೂರ ಇದ್ದರೆ ತಳಕ್ಕಿಂತ 14 ಸೆಂ.ಮೀ. ತನಕ ಮೇಲಿರಬಹುದು, ಇನ್ನೂ ದೂರ ಹೋದಷ್ಟೂ ಇನ್ನಷ್ಟು ಸಡಿಲ. ಪೈಪು, ಕೇಬಲ್ ಟ್ರೇ ಅಂಥ ಕಿರಿದಾದವಕ್ಕೆ ಅದರ ಅಗಲದ ಮೂರು ಪಟ್ಟು ದೂರ ಬಿಡಿ: 10 ಸೆಂ.ಮೀ. ಪೈಪಿಗೆ 30 ಸೆಂ.ಮೀ. 80 ಸೆಂ.ಮೀ. ಡಕ್ಟಿಗೆ ಅಂಟಿಕೊಂಡೇ 60 ಸೆಂ.ಮೀ. ಟ್ರೇ ಹೋಗಿದ್ದರೆ ನಾನಂತೂ ಎರಡನ್ನೂ ಸೇರಿಸಿ 1.4 ಮೀಟರ್ ಅಂತಲೇ ಲೆಕ್ಕ ಹಾಕುತ್ತೇನೆ, ನಡುವಿನ ಎರಡು ಬೆರಳಿನ ಸಂದಿಯಲ್ಲಿ ಎಷ್ಟು ನೀರು ಇಳಿದೀತು ಹೇಳಿ. ನೆಲದ ಮೇಲೆ ಕೂತ, ಗಾಳಿ ತಳ್ಳುವ ಯಂತ್ರವಾದ ಎಎಚ್‌ಯುಗೆ ಈ ತಲೆಬಿಸಿ ಇಲ್ಲ, ಅದರ ಅಡಿಯಲ್ಲಿ ಉರಿಯಲು ಏನೂ ಇರುವುದಿಲ್ಲ. ಸ್ಲ್ಯಾಬಿಗೆ ನೇತು ಹಾಕಿದ ಅಗಲದ ಯೂನಿಟ್ ಆದರೆ ಡಕ್ಟಿನ ನಿಯಮವೇ ಅದಕ್ಕೂ.

ಗ್ಯಾಪನ್ನು ಕೆಳಗಿನಿಂದ ನೋಡಿ ಅಂದಾಜು ಮಾಡಬೇಡಿ, ಏಣಿ ಹತ್ತಿ. ಒಂದು ಸೈಟಿನಲ್ಲಿ ಕೆಳಗಿನಿಂದ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ಮೇಲೆ ಹೋಗಿ ಟಾರ್ಚ್ ಬಿಟ್ಟರೆ ಡಕ್ಟಿಗೆ ಸುತ್ತಿದ ಕಪ್ಪು ಇನ್ಸುಲೇಶನ್ ಉಬ್ಬಿ ಸ್ಪ್ರಿಂಕ್ಲರಿಗೇ ಒತ್ತಿಕೊಂಡಿತ್ತು. ಬೆರಳು ಹಾಕಿ ಬಿಡಿಸಿದೆ. ಡಿಫ್ಲೆಕ್ಟರಿನ ಹಲ್ಲುಗಳ ಗುರುತು ಆ ರಬ್ಬರಿನಲ್ಲಿ ಅಚ್ಚು ಒತ್ತಿದ ಹಾಗೆ ಮೂಡಿತ್ತು. ಪಕ್ಕದ ಇನ್ನೊಂದರ ಕೆಂಪು ಬಲ್ಬಿನ ಮೇಲೆ ಪೇಂಟರ್ ಹೊಡೆದ ಬಿಳಿ ಬಣ್ಣ. ಆ ಬಲ್ಬು 68 ಡಿಗ್ರಿಗೆ ಒಡೆಯಬೇಕು, ಬಣ್ಣ ಮೆತ್ತಿದರೆ ತಡವಾಗಬಹುದು, ಒಡೆಯದೆಯೂ ಇರಬಹುದು. ಬಣ್ಣ ಬಿದ್ದದ್ದನ್ನು ಒರೆಸಿ ಬಳಸುವ ಹಾಗಿಲ್ಲ, ಬಿಚ್ಚಿ ಹೊಸದು ಹಾಕಬೇಕು. ಅಂದು 11 ಬದಲಾಯಿಸಿದೆವು. ಆ ಜಾಗದಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಅದು ನನಗೆ ಇವತ್ತಿಗೂ ಮರೆತಿಲ್ಲ.

ಪಾರ್ಕಿಂಗ್ ಅಂದರೆ ಉರಿಯಲು ಏನಿದೆ ಅಂತ ಕಮಿಟಿಯಲ್ಲಿ ಯಾರಾದರೂ ಕೇಳಬಹುದು. ಈಗಿನ ಕಾರಿನಲ್ಲಿ ಪ್ಲಾಸ್ಟಿಕ್ ಮೊದಲಿಗಿಂತ ಬಹಳ ಜಾಸ್ತಿ. ಎನ್‌ಎಫ್‌ಪಿಎ 13ರ 2022ರ ಆವೃತ್ತಿಯಲ್ಲಿ ಪಾರ್ಕಿಂಗನ್ನು ಬೆಂಕಿಯ ಅಪಾಯದ ವರ್ಗದಲ್ಲಿ ಆರ್ಡಿನರಿ ಹಜಾರ್ಡ್ (ಸಾಧಾರಣ ಅಪಾಯ) ಗ್ರೂಪ್ 1ರಿಂದ 2ಕ್ಕೆ ಏರಿಸಿದ್ದಾರೆ, ಅಂದರೆ ಅಷ್ಟೇ ಜಾಗಕ್ಕೆ ಮೊದಲಿಗಿಂತ ಜಾಸ್ತಿ ನೀರು ಬೇಕು ಅಂತ ಒಪ್ಪಿಕೊಂಡ ಹಾಗೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಡಕ್ಟ್ ಬಿಚ್ಚಿಸಬೇಕಾಗಿಲ್ಲ. ಇರುವ ಲೈನಿಗೆ ಟೀ (ಕವಲು ಜೋಡಣೆ) ಹಾಕಿ ಡಕ್ಟಿನ ಪಕ್ಕದಲ್ಲಿ ಡ್ರಾಪ್, ಅಂದರೆ ಕೆಳಕ್ಕೆ ಇಳಿಯುವ ಪೈಪು, ಇಳಿಸಿ, ಅಡಿಗೆ ತಿರುಗಿಸಿ, ನಡುಮಧ್ಯದಲ್ಲಿ ಒಂದು ಸಾಲು ಸ್ಪ್ರಿಂಕ್ಲರ್ ಹಾಕಲಿ. ಸಾಲಿನಲ್ಲಿ ಒಂದರಿಂದ ಒಂದಕ್ಕೆ 4.6 ಮೀಟರ್ ಮೀರಬಾರದು. ಡಿಫ್ಲೆಕ್ಟರ್ ಡಕ್ಟಿನ ತಳದಿಂದ 25ರಿಂದ 300 ಮಿ.ಮೀ. ಒಳಗಿರಬೇಕು. ತೀರಾ ಕೆಳಗೆ ಇಳಿಸಿದರೆ ಬಿಸಿಗಾಳಿ ಬಲ್ಬಿಗೆ ತಾಗದೆ ಡಕ್ಟಿನ ತಳದಲ್ಲೇ ಹರಿದು ಆಚೆ ಹೋಗುತ್ತದೆ. ಕಾರಿನ ಕ್ಯಾರಿಯರ್ ತಗುಲುವ ಎತ್ತರದಲ್ಲಿದ್ದರೆ ತಂತಿಯ ಗಾರ್ಡ್ ಹಾಕಿಸಿ. ಸ್ಪ್ರಿಂಕ್ಲರ್ ಪೈಪಿಗೆ ಅದರದ್ದೇ ಸಪೋರ್ಟ್ ಇರಲಿ. ಡಕ್ಟನ್ನಾಗಲಿ ಕೇಬಲನ್ನಾಗಲಿ ಅದಕ್ಕೆ ನೇತು ಹಾಕಲು ಬಿಡಬೇಡಿ, ಅವಸರದಲ್ಲಿ ಹಾಗೆ ಮಾಡುವವರಿದ್ದಾರೆ. ಇರುವ ಪೈಪಿನ ಸೈಜು ಹೊಸ ಸ್ಪ್ರಿಂಕ್ಲರ್‌ಗಳಿಗೆ ಸಾಕಾ ಅಂತ ಫೈರ್ ಕನ್ಸಲ್ಟೆಂಟ್ ಹತ್ತಿರ ಬರಹದಲ್ಲಿ ತೆಗೆದುಕೊಳ್ಳಿ.

ಖರ್ಚು ಯಾರದ್ದು ಅಂತ ಜಗಳ ಬರುತ್ತದೆ. ಆಮೇಲೆ ಬಂದು ಅಡ್ಡ ಹಾಕಿದವರು ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಡ್ರಾಯಿಂಗ್ ಹಂತದಲ್ಲೇ ನೋಡಿದ್ದರೆ ಒಂದು ಅಗಲದ ಡಕ್ಟಿನ ಬದಲು ಸಾಕಷ್ಟು ಅಂತರ ಬಿಟ್ಟು ಎರಡು ಕಿರಿದಾದವನ್ನು ಎಳೆಯಬಹುದಿತ್ತು, ಅಲ್ವಾ.

ಈ ಕೆಲಸಕ್ಕೆ ಆ ಭಾಗದ ವಾಲ್ವ್ ಮುಚ್ಚಿ ನೀರು ಖಾಲಿ ಮಾಡುತ್ತಾರೆ. ಅಷ್ಟು ಹೊತ್ತು ಒಬ್ಬ ಸೆಕ್ಯೂರಿಟಿಯವರು ಅಲ್ಲೇ ಇರಲಿ. ಸಂಜೆ ಅವರು ಸಾಮಾನು ಕಟ್ಟುವ ಮುಂಚೆ ನೀವೇ ಇಳಿದು ಹೋಗಿ, ವಾಲ್ವ್ ಪೂರ್ತಿ ತೆರೆದಿದೆಯಾ, ಗೇಜಿನ ಮುಳ್ಳು ಮೊದಲಿದ್ದ ಪ್ರೆಶರಿಗೆ ವಾಪಸ್ ಬಂದಿದೆಯಾ ಅಂತ ಕಣ್ಣಾರೆ ನೋಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.