ಟ್ಯಾಂಕ್ ತುಂಬಿದ ಮೇಲೆ ಕಂಪ್ರೆಸರ್ ಮತ್ತೆ ಶುರುವಾಗುವುದಿಲ್ಲ: ಮೋಟಾರ್ ಬದಲಿಸಬೇಕೆ?

ಟ್ಯಾಂಕ್ ಖಾಲಿಯಿದ್ದಾಗ ಸಲೀಸಾಗಿ ಓಡುವ ನಿಮ್ಮ ಏರ್ ಕಂಪ್ರೆಸರ್, ಒಮ್ಮೆ ತುಂಬಿ ನಿಂತ ಮೇಲೆ ಮತ್ತೆ ಶುರುವಾಗದೆ ಗುಂಯ್‌ಗುಟ್ಟಿ ಟ್ರಿಪ್ ಆಗುತ್ತದೆ, ನಿಂತಾಗಲೆಲ್ಲ ಪ್ರೆಷರ್ ಸ್ವಿಚ್ಚಿನ (ಒತ್ತಡ ನೋಡಿ ಮೋಟಾರನ್ನು ಶುರು ಮಾಡಿ ನಿಲ್ಲಿಸುವ ಸ್ವಿಚ್ಚಿನ) ಅಡಿಯಿಂದ ಗಾಳಿ ಸೋರುತ್ತಲೇ ಇರುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಮೋಟಾರಿಗೆ ಈಗಲೇ ಹಣ ಹಾಕಬೇಡಿ. ಇಂಥ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವವನಾಗಿ ಹೇಳುವುದಾದರೆ, ಈ ಎರಡೂ ಲಕ್ಷಣಗಳು ಒಟ್ಟಿಗೆ ಕಂಡಾಗ ನಾನು ಮೊದಲು ಬಿಚ್ಚುವುದು ಟ್ಯಾಂಕಿನ ಬಾಯಲ್ಲಿದ್ದು ಗಾಳಿ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವನ್ನು.

ಮೋಟಾರ್ ನಿಂತೊಡನೆ ಸ್ವಿಚ್ಚಿಗೆ ಸೇರಿದ ಸಣ್ಣ ಅನ್‌ಲೋಡರ್ ವಾಲ್ವ್ ತೆರೆದುಕೊಂಡು, ಪಿಸ್ಟನ್ನಿನ ಮೇಲಿರುವ ಹೆಡ್ಡಿನಿಂದ ಟ್ಯಾಂಕಿಗೆ ಹೋಗುವ ಪೈಪಿನಲ್ಲಿ ಉಳಿದ ಗಾಳಿಯನ್ನಷ್ಟೇ ಹೊರಬಿಡಬೇಕು. ಆಗ ಕೆಲವು ಸೆಕೆಂಡು ಫುಸ್ಸೆಂದು ಸದ್ದಾಗಿ ನಿಲ್ಲುವುದು ಸಹಜ. ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಕೂರದಿದ್ದರೆ ಟ್ಯಾಂಕಿನ ಗಾಳಿಯೇ ಪೈಪಿಗೆ ಹಿಂದಿರುಗಿ ಅಲ್ಲಿಂದ ಸೋರುತ್ತದೆ, ಮತ್ತು ಪಿಸ್ಟನ್ನಿನ ಮೇಲೆ ಒತ್ತಡ ಉಳಿದಿರುವುದರಿಂದ ಮೋಟಾರಿಗೆ ತಿರುಗಲು ಆಗುವುದಿಲ್ಲ. ಮೋಟಾರ್ ಓಡುತ್ತಿರುವಾಗಲೂ ಅದೇ ಜಾಗದಲ್ಲಿ ಸೋರಿದರೆ ದೋಷ ಅನ್‌ಲೋಡರಿನದು. ನಿಂತಾಗ ಫುಸ್ಸೆಂಬ ಸದ್ದೇ ಬಾರದಿದ್ದರೆ ಅದು ತೆರೆಯುತ್ತಿಲ್ಲ, ಇಲ್ಲವೇ ಅದರ ತೆಳು ಟ್ಯೂಬ್ ಕಟ್ಟಿಕೊಂಡಿದೆ.

ಪ್ಲಗ್ ಕಿತ್ತು, ಗೇಜ್ ಸೊನ್ನೆಗೆ ಇಳಿಯುವವರೆಗೆ ಡ್ರೈನ್ ಕಾಕ್ ತೆರೆದಿಟ್ಟು, ಪೈಪ್ ತಣ್ಣಗಾದ ಮೇಲಷ್ಟೇ ವಾಲ್ವನ್ನು ಬಿಚ್ಚಿರಿ. ಒಳಗಿನ ಸೀಟಿನ ಮೇಲೆ ಹೆಚ್ಚಾಗಿ ಎಣ್ಣೆ ಸುಟ್ಟು ಕಪ್ಪಾದ ಕಾರ್ಬನ್ ಚೂರು ಅಂಟಿರುತ್ತದೆ. ಅದನ್ನು ಒರೆಸಿ, ಸ್ಪ್ರಿಂಗ್ ಸರಾಗವಾಗಿ ಆಡುತ್ತಿದೆಯೇ ನೋಡಿ. ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಅದರ ಮೇಲೆ ಆಳವಾದ ಗೆರೆ ಬಿದ್ದಿದ್ದರೆ ಹೊಸ ವಾಲ್ವ್ ಹಾಕುವುದೇ ಒಳ್ಳೆಯದು. ಜೋಡಿಸಿದ ಬಳಿಕ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ.

ಟ್ಯಾಂಕ್ ಖಾಲಿಯಿದ್ದಾಗಲೂ ಮೋಟಾರ್ ಬರೀ ಗುಂಯ್‌ಗುಟ್ಟಿದರೆ ಮಾತ್ರ ಮೋಟಾರ್ ತಿರುಗಲು ಶುರುವಾಗುವಂತೆ ಮಾಡುವ ಕೆಪಾಸಿಟರನ್ನು ಅನುಮಾನಿಸಿ. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಕುಸಿದಾಗಲೂ ಹೀಗೆಯೇ ಆಗುವುದರಿಂದ, ಮೊದಲು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದಾದ್ದರಿಂದ ಅದನ್ನು ತಿಳಿದವರಿಂದಲೇ ಬದಲಿ ಮಾಡಿಸಿ.

ಗಾಳಿ ತುಂಬುವುದೂ ನಿಧಾನವಾಗಿದೆ ಎಂದಿದ್ದೀರಿ. ಅದಕ್ಕೆ ಏರ್ ಫಿಲ್ಟರ್ ತೆಗೆದು, ಯಂತ್ರ ಓಡುವಾಗ ಇನ್‌ಟೇಕ್ ಬಾಯಿಯ ಹತ್ತಿರ ಅಂಗೈ ಹಿಡಿಯಿರಿ. ಎಳೆತದ ಬದಲು ಗಾಳಿ ಹೊರಕ್ಕೆ ಉಗುಳುತ್ತಿದ್ದರೆ ಹೆಡ್ಡಿನೊಳಗಿನ ಇನ್‌ಟೇಕ್ ರೀಡ್ ವಾಲ್ವ್ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ತೆಳು ಪಟ್ಟಿ) ಮುರಿದಿದೆ ಅಥವಾ ಕೂರುತ್ತಿಲ್ಲ. ಫಿಲ್ಟರ್ ಇಲ್ಲದೆ ಬೇಗ ತುಂಬಿದರೆ ಫಿಲ್ಟರ್ ಬದಲಿಸಿದರೆ ಸಾಕು. ಹೊರಬರುವ ಗಾಳಿಯಲ್ಲಿ ಎಣ್ಣೆ ಕಂಡರೆ ಪಿಸ್ಟನ್ ರಿಂಗ್ ಸವೆದಿರಬಹುದು.

ಟ್ಯಾಂಕನ್ನು ಖಾಲಿ ಮಾಡುವಾಗ ತುಕ್ಕಿನ ಬಣ್ಣದ ನೀರು ಬಂದರೆ ಅದರ ಮೈಯನ್ನು, ಅದರಲ್ಲೂ ತಳವನ್ನು, ಸೂಕ್ಷ್ಮವಾಗಿ ಪರೀಕ್ಷಿಸಿ. ಟ್ಯಾಂಕಿನ ತಗಡೇ ಸೋರುತ್ತಿದ್ದರೆ ಯಾರು ಹೇಳಿದರೂ ವೆಲ್ಡಿಂಗ್ ಮಾಡಿಸಬೇಡಿ, ಅದು ಸಿಡಿಯುವ ಅಪಾಯವಿದೆ. ಆ ಟ್ಯಾಂಕನ್ನು ಮತ್ತೆ ಬಳಸಲೇಬಾರದು.