ದಿನವಿಡೀ ನಗುವವರಿಗೆ ಇನ್ನೂ ನಗಿ ಅಂತ ಹೇಳಬೇಕಾ?

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಅವರಿಗೆ 38 ವರ್ಷ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆಯಿಂದ ರಾತ್ರಿವರೆಗೆ ಗಾದಿ ಮೇಲೆ ಮುಂದಕ್ಕೆ ಬಾಗಿ ಕೂತು ಸೀರೆ ಬಿಚ್ಚಬೇಕು, ಸೆರಗು ಹರಡಬೇಕು, ಗಿರಾಕಿ ಏನೂ ತಗೊಳ್ಳದೆ ಎದ್ದು ಹೋದರೂ ನಗುತ್ತಲೇ ಮತ್ತೆ ಮಡಚಿಡಬೇಕು. ಮನೆಗೆ ಬಂದರೆ ಯಾರ ಜೊತೆಗೂ ಮಾತು ಬೇಡ ಅನಿಸುತ್ತಿತ್ತು. "ಅಮ್ಮಾ, ಯಾವಾಗ್ಲೂ ಯಾಕೆ ಸಿಟ್ಟಲ್ಲಿರ್ತೀಯಾ?" ಅಂತ ಮಗಳು ಕೇಳಿದ ಮೇಲೆ ನನ್ನ ಹತ್ತಿರ ಬಂದರು. ಸಿಟ್ಟೇನೂ ಇರಲಿಲ್ಲವಂತೆ.

ಯಾವುದೋ ವಿಡಿಯೋ ನೋಡಿ ಕನ್ನಡಿ ಮುಂದೆ ದಿನಾ ಐದು ನಿಮಿಷ ನಕ್ಕಿದ್ದರು. ನಾಲ್ಕನೇ ದಿನ ಅಳು ಬಂತು. "ಅಲ್ಲೂ ಗಿರಾಕಿ ನಿಂತ ಹಾಗೆ ಅನಿಸ್ತು ಮೇಡಂ."

ಈ ಮಾತು ನನ್ನನ್ನು ತುಂಬಾ ಕಾಡಿತು.

ನಕ್ಕರೆ ಮನಸ್ಸು ಹಗುರಾಗುತ್ತಾ? ಸ್ವಲ್ಪ ಆಗುತ್ತದೆ. 1988ರಲ್ಲಿ ಹಲ್ಲಲ್ಲಿ ಪೆನ್ ಕಚ್ಚಿಸಿ ಮಾಡಿದ ಪ್ರಯೋಗ ಬಹಳ ಹೆಸರಾಗಿತ್ತು. ಹಾಗೆ ಕಚ್ಚಿದರೆ ಮುಖ ತಾನಾಗೇ ನಕ್ಕ ಹಾಗಾಗುತ್ತದೆ, ಆಗ ವ್ಯಂಗ್ಯಚಿತ್ರಗಳು ಹೆಚ್ಚು ತಮಾಷೆ ಅನಿಸಿದವಂತೆ. ಆದರೆ 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. 2022ರಲ್ಲಿ 19 ದೇಶಗಳ 3,878 ಜನರ ಮೇಲೆ ನೋಡಿದಾಗ, ಬೇಕೆಂದೇ ನಗುಮುಖ ಮಾಡಿದವರಿಗೆ ಖುಷಿ ತುಸು ಹೆಚ್ಚಿತ್ತು. ಎದೆ ಸೆಟೆದು ನಿಂತರೆ ಹಾರ್ಮೋನೇ ಬದಲಾಗುತ್ತದೆ ಎಂದು 2010ರಲ್ಲಿ ಬಂದ ಮಾತೂ ಮುಂದೆ ನಿಲ್ಲಲಿಲ್ಲ. ಧೈರ್ಯ ಬಂದ ಹಾಗೆ ಅನಿಸುವುದು ಮಾತ್ರ ಉಳಿಯಿತು. ಅಂದರೆ ಮೈ ಮನಸ್ಸನ್ನು ಮೆಲ್ಲಗೆ ತಟ್ಟುತ್ತದೆ, ಅಷ್ಟೇ. ಅದೇ ನಗು ಹೊಟ್ಟೆಪಾಡಿಗೆ ದಿನಕ್ಕೆ ಹತ್ತು ಗಂಟೆ ಹೊತ್ತಿರಬೇಕಾದರೆ ಜೀವ ಹಿಂಡುತ್ತದೆ.

ನಿದ್ದೆ, ಹಸಿವು, ಬದುಕು ಬೇಡ ಅನಿಸುವುದು, ಎಲ್ಲ ಮೊದಲೇ ಕೇಳಿದೆ. ಆ ತೊಂದರೆ ಇರಲಿಲ್ಲ. ಇದ್ದಿದ್ದರೆ ನೇರ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ನಿಮಗೆ ಹಾಗನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅವರಿಗೆ ಹೇಳಿದ್ದು: ಕನ್ನಡಿ ನಗು ಇವತ್ತೇ ಬಿಟ್ಟುಬಿಡಿ. ನೀವು ಹೊಸದಾಗಿ ಏನೂ ಹಾಕಿಕೊಳ್ಳಬೇಡಿ, ಹಾಕಿಕೊಂಡಿದ್ದನ್ನು ಇಳಿಸಿ. ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿದರೆ ನ್ಯಾಷನಲ್ ಕಾಲೇಜಿಗೆ ಮುಂಚೆ ಸುರಂಗವೇ ಅಲ್ವಾ? ಕಪ್ಪು ಗಾಜಿನಲ್ಲಿ ಮುಖ ಕಾಣುತ್ತದೆ. ಅಷ್ಟು ಹೊತ್ತು ಫೋನ್ ಬ್ಯಾಗಿನಲ್ಲಿರಲಿ. ಹುಬ್ಬಿನ ಗಂಟು ಬಿಡಿ, ಕಚ್ಚಿದ ಹಲ್ಲು ಸಡಿಲಿಸಿ, ಕಿವಿವರೆಗೆ ಏರಿರುವ ಹೆಗಲನ್ನು ಕೆಳಗಿಳಿಸಿ ಉದ್ದಕ್ಕೆ ಉಸಿರು ಬಿಡಿ. ನಗು ಬರದಿದ್ದರೆ ಬೇಡ. ಮಗಳಿಗೆ ಹೇಳಿ, "ಬಂದ ತಕ್ಷಣ ಹತ್ತು ನಿಮಿಷ ನನ್ನ ಮುಖಕ್ಕೆ ರಜೆ ಕಣೇ, ಸಿಟ್ಟಲ್ಲ."

ಮೂರು ವಾರ ಬಿಟ್ಟು ಬಂದರು. ದವಡೆ ಅಷ್ಟೊಂದು ಬಿಗಿಯಾಗಿತ್ತೆಂದು ಅವರಿಗೇ ಗೊತ್ತಿರಲಿಲ್ಲ, ಮೊದಲ ದಿನ ಬಿಟ್ಟಾಗ ಕೆನ್ನೆ ನೋವು ಬಂತಂತೆ. ಸುಸ್ತು ಇನ್ನೂ ಇದೆ, ಕೆಲಸ ಅದೇ ತಾನೇ. ಮಗಳು ಮಾತ್ರ ಈಗ ಗಡಿಯಾರ ನೋಡಿಕೊಂಡು ಕಾಯುತ್ತಾಳೆ, ಹತ್ತು ನಿಮಿಷ ಮುಗಿದ ಕೂಡಲೇ ಪಕ್ಕಕ್ಕೆ ಬಂದು ಕೂರುತ್ತಾಳೆ.